ಮೊಸರಿನ ಆಯಿ ಮತ್ತು ಎರಡು ಸೋಲಾರ್ ಕಮಲಗಳು

ಹೋದ ವಾರ ಮಗಳು ಹಟ ಹಿಡಿದು ತರಿಸಿದ ಪೆಟ್ಟಿಗೆ ಇಂಡಿ ಪಟ್ಟಣದ ನಮ್ಮ ಮನೆಗೆ ಬಂತು. ಒಳಗೆ ಎಂಟು ಸೋಲಾರ್ ದೀಪಗಳು, ಮಾಳಿಗೆಯ ಮೇಲಿನ ಹೂಕುಂಡಗಳಲ್ಲಿ ನೆಡುವಂಥವು. ಅವಳ ಗೆಳತಿಯ ಮನೆಯಲ್ಲಿ ಇವೆಯಂತೆ, ಆದ್ದರಿಂದ ನಮ್ಮ ಮನೆಯಲ್ಲೂ ಇರಲೇಬೇಕಂತೆ. ಪೆಟ್ಟಿಗೆಯ ಟೇಪು ಕಿತ್ತ ಕೂಡಲೇ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಬೆನ್ನಿಗೇ ಹಸಿ ಸಗಣಿ ಮತ್ತು ಮೊಸರು ಹೆಪ್ಪುಗಟ್ಟಿದ ಮಣ್ಣಿನ ಗಡಿಗೆಯ ವಾಸನೆ ನೆನಪಾಯಿತು... ಈ ಎರಡು ವಾಸನೆಗಳು ಒಂದೇ ಅಂಗಳದಲ್ಲಿ ಇದ್ದದ್ದನ್ನು ಬಲ್ಲವರು ಈ ಭೂಮಿಯ ಮೇಲೆ ನಾಲ್ಕೈದು ಜನ ಇರಬಹುದು. ಅವರಲ್ಲಿ ನಾನೊಬ್ಬಳು.

ಮಗಳು ಒಂದು ದೀಪವನ್ನು ಎತ್ತಿ, ಅದರ ನೆತ್ತಿಯ ಮೇಲೆ ಅಂಗೈ ಮುಚ್ಚಿ ಕತ್ತಲೆ ಮಾಡಿ ನೋಡಿದಳು. ಹತ್ತಲಿಲ್ಲ. ಮುಖ ಸಣ್ಣದಾಯಿತು.

"ತಳದಾಗ ಒಂದು ಗುಂಡಿ ಐತಿ. ಮೊದಲ ಅದನ್ನ ಒತ್ತು," ಅಂದೆ.

"ನಿಂಗ ಹೆಂಗ ಗೊತ್ತ ಮಮ್ಮಿ?"

ಗೊತ್ತಿರದೆ ಏನು? ಈ ಜಾತಿಯ ದೀಪದ ಹುಟ್ಟುಗುಣ, ಸಿಟ್ಟು ಸೆಡವು, ಮೋಸ ಹೋಗುವ ಸ್ವಭಾವ, ಎಲ್ಲವೂ ನನಗೆ ಗೊತ್ತು. ಅದನ್ನು ನನಗೆ ಕಲಿಸಿದವಳು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಮುದುಕಿ. ಕಲಿತವಳು ಮಾತ್ರ ವಿಜ್ಞಾನ ಪಾಠ ಹೇಳುವ ಸರಕಾರಿ ಶಿಕ್ಷಕಿ.

ಆಗ ನನಗೆ ಮುಳವಾಡದಿಂದ ಒಳಗಿನ ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ನೇಮಕವಾಗಿತ್ತು. ಯಜಮಾನರ ಕೆಲಸ ಇಂಡಿಯಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ನಾನು ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಕೊಲ್ಹಾರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹಳೆಯ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎತ್ತರದಲ್ಲಿ ಕಟ್ಟಿದ ಊರು ಅದು. ನೇರ ರಸ್ತೆಗಳು, ಅಳತೆ ಮಾಡಿ ಕೊಟ್ಟ ಜಾಗಗಳು, ಅದರ ಮೇಲೆ ತಮ್ಮ ತಮ್ಮ ಹಳೆಯ ಮನೆಯನ್ನು ನೆನಪಿನಿಂದ ಮತ್ತೆ ಕಟ್ಟಿಕೊಂಡ ಜನ. ಕೊಲ್ಹಾರ ಅಂದರೆ ನಮ್ಮ ಕಡೆಯವರಿಗೆಲ್ಲ ಮೊಸರು. ಬಸ್ಸು ನಿಂತರೆ ಕಿಟಕಿಗೆ ಮೊಸರಿನ ಗಡಿಗೆ ಬರುತ್ತದೆ. ಚಾಕುವಿನಿಂದ ಕೊಯ್ಯಬಹುದಾದಷ್ಟು ಗಟ್ಟಿ.

ನನ್ನ ಪಕ್ಕದ ಮನೆಯೇ ಅಂಥದೊಂದು ಮೊಸರಿನ ಮನೆ. ಅಲ್ಲಿಯ ಯಜಮಾನಿಯನ್ನು ಓಣಿಯೆಲ್ಲ 'ಆಯಿ' ಅನ್ನುತ್ತಿತ್ತು. ನಮ್ಮ ಕಡೆ ಅಜ್ಜಿಗೆ ಹಾಗೆ ಅನ್ನುವುದು. ಕುಳ್ಳಗೆ, ಗಟ್ಟಿಮುಟ್ಟಾಗಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಿದ್ದಳು, ಕೂತಿದ್ದನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಮಗ, ಸೊಸೆ, ಎರಡು ಎಮ್ಮೆ, ಒಂದು ಜವಾರಿ ಆಕಳು. ಎಮ್ಮೆಯ ಹಾಲೆಲ್ಲ ಮೊಸರಿಗೆ. ಆಕಳ ಬೆಳಗಿನ ಹಾಲು ಕರುವಿನ ಪಾಲು. ಸಂಜೆಯ ಹಾಲನ್ನು ಮಾತ್ರ ಆಯಿ ಬೇಕಾದವರಿಗೆ ಹಾಕುತ್ತಿದ್ದಳು.

ಆ ಸಂಜೆಯ ಹಾಲಿನ ಮೇಲೆ ನನ್ನ ಮಗಳ ಜೀವ ನಿಂತಿತ್ತು. ಜ್ವರದಲ್ಲಿ ತಿಂಗಳುಗಟ್ಟಲೆ ಬಳಲಿ ಎದ್ದ ಕೂಸು, ಕೈಕಾಲು ಕಡ್ಡಿಯಾಗಿದ್ದವು. ಪಾಕೀಟಿನ ಹಾಲು ಕುಡಿಸಿದರೆ ಕಾರಿಕೊಳ್ಳುತ್ತಿತ್ತು. ಎಮ್ಮೆಯ ಹಾಲು ಜೀರ್ಣವಾಗುತ್ತಿರಲಿಲ್ಲ. ಅನ್ನ, ರೊಟ್ಟಿ, ಬೇಳೆ, ಯಾವುದನ್ನು ಬಾಯಿಗಿಟ್ಟರೂ ಉಗುಳುತ್ತಿತ್ತು. ಬಸವನಬಾಗೇವಾಡಿಯ ಡಾಕ್ಟರು ತೂಕ ನೋಡಿ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಆಯಿಯ ಆಕಳ ಹಾಲು ಶುರುವಾದ ಎರಡನೆಯ ತಿಂಗಳು ತೂಕದ ಮುಳ್ಳು ಮೊದಲ ಸಲ ಕದಲಿತು. "ಏನ್ ಕುಡಿಸಾಕತ್ತೀರಿ? ಅದನ್ನ ಬಿಡಿಸಬ್ಯಾಡ್ರಿ," ಅಂದರು. ನಾನು ದೇವರಿಗೆ ಕಾಯಿ ಒಡೆಸಿದೆ. ಆಯಿಗೆ ಏನೂ ಹೇಳಲಿಲ್ಲ.

ಆಯಿಯದು ಒಂದೇ ಕಟ್ಟಳೆ. ಹೊಸ್ತಿಲ ದೀಪ ಹತ್ತಿದ ಮೇಲೆ ಮನೆಯಿಂದ ಹಾಲು, ಮೊಸರು, ಮಜ್ಜಿಗೆ, ಉಪ್ಪು ಯಾವುದೂ ಹೊರಗೆ ಹೋಗುವ ಹಾಗಿಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಬಿಳಿದನ್ನು ಹೊರಗೆ ಕಳಿಸಿದರೆ ಅದರ ಜೊತೆ ಅವಳೂ ಹೊರಟುಹೋಗುತ್ತಾಳೆ. ಇದು ಎಲ್ಲ ಮನೆಗಳಲ್ಲೂ ಇರುವ ನಂಬಿಕೆಯೇ. ಉಳಿದವರು ಸ್ವಲ್ಪ ಆ ಕಡೆ ಈ ಕಡೆ ನೋಡಿ ಕೊಟ್ಟುಬಿಡುತ್ತಾರೆ, ಆಯಿ ಮಾತ್ರ ಕೊಡುತ್ತಿರಲಿಲ್ಲ. ಹಳೆಯ ಊರಿನಲ್ಲಿ ಸೊಸೆಯಾಗಿ ಬಂದ ಹೊಸದರಲ್ಲಿ ಯಾರೋ ಬಾಯಿ ಬಿಟ್ಟು ಕೇಳಿದರೆಂದು ದೀಪ ಹಚ್ಚಿದ ಮೇಲೆ ಹಾಲು ಕೊಟ್ಟಿದ್ದಳಂತೆ. ಮರುದಿನ ಬೆಳಗಾಗುವುದರಲ್ಲಿ ಹಿಂಡುವ ಎಮ್ಮೆ ಹೊಟ್ಟೆ ಉಬ್ಬಿ ಸತ್ತಿತ್ತು. ಅತ್ತೆ ಬೈಯಲಿಲ್ಲವಂತೆ, ಹೊಸ್ತಿಲ ಕಡೆ ಒಮ್ಮೆ ನೋಡಿದಳಂತೆ ಅಷ್ಟೇ. "ಆ ನೋಟ ಇನ್ನಾ ಬೆನ್ನಾಗ ಐತಿ ಅಕ್ಕೋರ," ಅನ್ನುತ್ತಿದ್ದಳು. ಶಿಕ್ಷಕಿಯಾದ್ದರಿಂದ ನಾನು ಊರಿಗೆಲ್ಲ ಅಕ್ಕೋರು.

ನಮ್ಮ ಶಾಲೆ ಬಿಟ್ಟ ಮೇಲೆ ಪಕ್ಕದ ಅಂಗನವಾಡಿಯಿಂದ ಮಗಳನ್ನು ಎತ್ತಿಕೊಂಡು, ಟಂಟಂ ಆಟೋ ಹಿಡಿದು ಮುಳವಾಡಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ ಕೊಲ್ಹಾರಕ್ಕೆ ಇಳಿಯುವಾಗ ಸಂಜೆ ಆರೂವರೆ. ಮನೆಯ ಬೀಗ ತೆಗೆದು, ತಂಬಿಗೆ ಹಿಡಿದು, ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡು ಓಡುತ್ತಿದ್ದೆ. ಆಯಿ ಕಟ್ಟೆಯ ಮೇಲೆ ಕಡ್ಡಿಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದಳು. ಬಾಗಿಲ ಪಕ್ಕದ ಗೂಡಿನಲ್ಲಿ ಎಣ್ಣೆ ಹಾಕಿದ ಹಣತೆ, ಹೊಸೆದ ಬತ್ತಿ. ಹಾಲು ಹಾಕಿದವಳೇ ಕಡ್ಡಿ ಗೀರುತ್ತಿದ್ದಳು. ಒಂದು ನಿಮಿಷ ತಡವಾದರೆ ಈ ಮುದುಕಿ ನನ್ನ ಮುಖದ ಮೇಲೆ ಬಾಗಿಲು ಹಾಕುತ್ತಿದ್ದಳಲ್ಲ ಎಂದು ನಾನು ದಿನವೂ ಗೆದ್ದವಳಂತೆ ಉಸಿರು ಬಿಡುತ್ತಿದ್ದೆ. ಶಾಲೆಯಲ್ಲಿ ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡದ್ದೂ ಉಂಟು, ನನ್ನ ಓಟದ ಮುಂದೆ ಹೊತ್ತು ಮುಳುಗುವುದೂ ಹಿಂದೆ ಬೀಳುತ್ತದೆ ಎಂದು.

ಜೂನ್ ತಿಂಗಳಲ್ಲಿ ಆರೂವರೆಗೆ ಬಿಸಿಲು ಇರುತ್ತಿತ್ತು. ದಸರೆ ಬರುವಷ್ಟರಲ್ಲಿ ಅದೇ ಆರೂವರೆಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಆದರೂ ನನ್ನ ಹಾಲು ಒಂದು ದಿನ ತಪ್ಪಲಿಲ್ಲ. ಚಳಿಗಾಲದಲ್ಲಿ ಹಗಲು ಚಿಕ್ಕದು, ರಾತ್ರಿ ದೊಡ್ಡದು ಎಂದು ಆರನೆಯ ತರಗತಿಯ ಮಕ್ಕಳಿಂದ ಹತ್ತು ಸಲ ಬರೆಸಿದ್ದೇನೆ. ಸ್ವಂತ ಸಂಜೆಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ದೀಪಾವಳಿ ಮುಂದಿತ್ತು. ಮುದ್ದೇಬಿಹಾಳದಲ್ಲಿ ಎರಡು ದಿನದ ತರಬೇತಿಗೆ ಹೋದಾಗ ಬಜಾರದ ಒಂದು ಅಂಗಡಿಯಲ್ಲಿ ಈ ಸೋಲಾರ್ ಕಮಲಗಳನ್ನು ಕಂಡೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಎಸಳು, ನಡುವೆ ರೂಪಾಯಿ ಬಿಲ್ಲೆಯಷ್ಟು ಕರಿ ಗಾಜು, ಕೆಳಗೆ ಮಣ್ಣಿಗೆ ಚುಚ್ಚುವ ಗೂಟ. ಹಗಲೆಲ್ಲ ಬಿಸಿಲು ಕುಡಿದು ಕತ್ತಲಾದ ಕೂಡಲೇ ತಾನೇ ಹತ್ತುತ್ತದೆ ಎಂದು ಅಂಗಡಿಯವನು ಅಂಗೈ ಮುಚ್ಚಿ ತೋರಿಸಿದ. ನನಗೆ ಆಯಿಯ ಹಣತೆ ನೆನಪಾಯಿತು. ಹಿನ್ನೀರಿನ ಮೇಲಿಂದ ಬರುವ ಗಾಳಿಗೆ ಅದು ಸಂಜೆಗೆ ಮೂರು ಸಲವಾದರೂ ಶಾಂತವಾಗುತ್ತಿತ್ತು. ಪ್ರತಿ ಸಲ ಆಯಿ ಬಗ್ಗಿ ಅಂಗೈ ಮರೆ ಮಾಡಿ ಮತ್ತೆ ಹಚ್ಚುತ್ತಿದ್ದಳು. ಮಗಳ ಮೈ ತುಂಬಿಸಿದ ಮುದುಕಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ ಅನ್ನಿಸಿತು. ಒಂದು ಜೊತೆ ತಂದೆ. ಬರೀ ಕೊಡಲಿಲ್ಲ, ಹಬ್ಬದ ದಿನ ಅರಿಷಿಣ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಕೈ ಮುಗಿದು ಕೊಟ್ಟೆ. ಆ ಅತಿ ಬುದ್ಧಿವಂತಿಕೆಯೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಆಯಿ ಅವನ್ನು ಹೊಸ್ತಿಲಿನ ಎಡಕ್ಕೊಂದು ಬಲಕ್ಕೊಂದು, ದಾಸವಾಳ ಮತ್ತು ಮಲ್ಲಿಗೆಯ ಬುಡದಲ್ಲಿ ನೆಟ್ಟಳು. ಮರುದಿನ ಹಬ್ಬದ ರಜೆ, ನಾನೂ ಅಲ್ಲೇ ಇದ್ದೆ. ಹೊತ್ತು ಮುಳುಗಿ ಬೆಳಕು ಮಾಸುತ್ತಿದ್ದಂತೆ ಎರಡೂ ಕಮಲ ಒಟ್ಟಿಗೆ ಹತ್ತಿದವು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು.  ಆಯಿ ಸೆರಗು ತಲೆಯ ಮೇಲೆ ಹೊದ್ದು ನಮಸ್ಕಾರ ಮಾಡಿದಳು.

"ಇಷ್ಟ ದಿನ ನಾ ಅಂದಾಜ ಮ್ಯಾಲ ಹಚ್ಚತಿದ್ದೆ. ಇದು ಸೂರ್ಯಪ್ಪನ್ನ ಕೇಳಿ ಹತ್ತತೈತಿ," ಅಂದಳು. "ಇನ್ನ ಇದ ನಮ್ಮ ಹೊಸ್ತಿಲ ದೀಪ."

ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮುದುಕಿಗೆ ವಿಜ್ಞಾನ ಮನವರಿಕೆ ಮಾಡಿಕೊಟ್ಟೆ ಎಂದುಕೊಂಡೆ.

ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನ ತಂಬಿಗೆ ಹಿಡಿದು ಓಡಿ ಬಂದೆ. ಕಮಲಗಳು ಹತ್ತಿದ್ದವು. ಆಯಿ ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತಿದ್ದಳು.

"ದೀಪ ಹತ್ತೈತಲ್ಲ ಅಕ್ಕೋರ," ಅಂದಳು.

"ಎರಡ ನಿಮಿಷ ಆಗಿರಬೇಕ್ರಿ ಆಯಿ..."

"ಅರ್ಧ ತಾಸ ಆತು." ನೆಲ ನೋಡಿಕೊಂಡು ಅಂದಳು. "ಹತ್ತಿದ ಮ್ಯಾಲ ಹೆಂಗ ಕೊಡ್ಲಿ?"

ನಾಳೆ ಬೇಗ ಬಂದರಾಯಿತು ಎಂದು ಹೋದೆ. ಆದರೆ ಬಸ್ಸು ನನ್ನ ಮಾವನದಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಹಾಲು ಹಾಕಿದ ತಂಬಿಗೆಯನ್ನು ಮೊದಲೇ ನನ್ನ ಬಾಗಿಲ ಮುಂದೆ ಇಟ್ಟರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆಯಿ ಇಟ್ಟಳು, ತಟ್ಟೆ ಮುಚ್ಚಿ, ಮೇಲೆ ಕಲ್ಲು ಹೇರಿ. ಬೆಕ್ಕು ಕಲ್ಲು, ತಟ್ಟೆ, ತಂಬಿಗೆ ಮೂರನ್ನೂ ಉರುಳಿಸಿ ಹೋಗಿತ್ತು. ಮನೆಯ ಕೀಲಿ ಇಟ್ಟುಕೊಳ್ಳಿ ಅಂದರೆ, ಮಂದಿ ಮನೆಯ ಕೀಲಿ ಹಿಡಿಯುವವಳು ತಾನಲ್ಲ ಅಂದಳು. ತನ್ನ ಮನೆಯೊಳಗೇ ಕೂಸನ್ನು ಕೂಡಿಸಿ ಕುಡಿಸಿರಿ, ಹಾಲು ಹೊಸ್ತಿಲು ದಾಟದಿದ್ದರೆ ಆಯಿತು ಅಂದಳು. ಅದನ್ನೂ ನೋಡಿದೆ. ಮಗಳು ಅಲ್ಲಿ ಕರುವನ್ನು ನೋಡುತ್ತ ಕೂತುಬಿಡುತ್ತಿದ್ದಳು, ಎರಡು ಗುಟುಕಿನ ಮೇಲೆ ಒಳಗೆ ಇಳಿಯುತ್ತಿರಲಿಲ್ಲ. ಮಲಗುವ ಮುಂದೆ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರೇ ಕುಡಿಯುವ ಕೂಸು ಅದು.

ಮೂರು ವಾರ ಹಾಗೇ ಹೋಯಿತು. ಡಾಕ್ಟರ ಹತ್ತಿರ ಹೋದರೆ ಕದಲಿದ್ದ ಮುಳ್ಳು ಮತ್ತೆ ಹಿಂದಕ್ಕೆ ಬಂದಿತ್ತು. ಬಾಗೇವಾಡಿಯಿಂದ ಬರುವಾಗ ಬಸ್ಸಿನುದ್ದಕ್ಕೂ ಮಗಳ ಕಾಲಿನ ಎಲುಬನ್ನು ಸವರುತ್ತ ಕೂತಿದ್ದೆ. ಇಳಿದವಳು ನೆಟ್ಟಗೆ ಆಯಿಯ ಅಂಗಳಕ್ಕೆ ನಡೆದೆ.

"ಆಯಿ, ಆ ಗುಂಡಿ ಒತ್ತಿ ದೀಪ ಆರಸಿಬಿಡ್ರಿ. ಇಲ್ಲಾಂದ್ರ ನಾನ ಕಿತ್ತ ಹಾಕ್ತೇನಿ."

"ಬಿಡತು ಅನ್ರಿ," ಅಂದಳು ಆಯಿ. "ಹಬ್ಬದ ದಿನ ಮುತ್ತೈದಿ ಕೈ ಮುಗದು ಕೊಟ್ಟ ದೀಪ ಅದು. ಆರಸೂ ಮಾತ ನಿಮ್ಮ ಬಾಯಾಗ ಬರಬಾರದು. ನಿಮ್ಮ ಮನಿಗೇ ಛಲೋ ಅಲ್ಲ."

"ಪ್ಲಾಸ್ಟಿಕ್ ಹೂವಿಗೆ ಇದ್ದ ಕಿಮ್ಮತ್ತು ನನ್ನ ಕೂಸಿಗೆ ಇಲ್ಲೇನ್ರಿ?"

ಓಣಿಗೆಲ್ಲ ಕೇಳುವಂತೆ ಅಂದೆ.  ಆಯಿ ನನ್ನ ಸೊಂಟದ ಮೇಲಿದ್ದ ಮಗಳ ಪಾದವನ್ನು ಒಮ್ಮೆ ಹಿಡಿದು, ಬಿಟ್ಟು, ಒಳಗೆ ಹೋದಳು. ಕಲಿತವಳ ನಾಲಿಗೆ ಎಷ್ಟು ಹರಿತವಾಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಗೊತ್ತಾದರೂ ಸಿಟ್ಟು ಇಳಿಯಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಆಯಿಯ ಸೊಸೆ ಸಿಕ್ಕಳು. ಮಾತು ಕಡಿಮೆಯ ಹೆಣ್ಣುಮಗಳು. ತುಂಬಿದ ಕೊಡ ಎತ್ತುವ ಮುಂದೆ ಮೆಲ್ಲಗೆ ಅಂದಳು.

"ಅಕ್ಕೋರ, ನಮ್ಮತ್ತಿ ಮ್ಯಾಲ ಸಿಟ್ಟ ಆಗಬ್ಯಾಡ್ರಿ. ಮೊದಲ ನೀವ ಬರೂಮಟಾ ಆಕಿ ದೀಪಾನ ಹಚ್ಚತಿರಲಿಲ್ಲ. ಕಡ್ಡಿಪೆಟಗಿ ಕೈಯಾಗ ಹಿಡಕೊಂಡು ಬಸ್ಸಿನ ಸಪ್ಪಳ ಕೇಳಕೋತ ನಿಂದರತಿದ್ಲು. ಕತ್ತಲಾದ್ರೂ ಹಚ್ಚತಿರಲಿಲ್ಲ. ನಾ ಹಚ್ಚಾಕ ಹ್ವಾದ್ರ ಬೈತಿದ್ಲು. ಈಗ ಅದು ತಾನ ಹತ್ತತೈತಿ... ಆಕಿ ಏನ ಮಾಡಬೇಕು?"

ಕೊಡ ಎತ್ತಿಕೊಂಡು ಅವಳು ಹೋದಳು. ನನ್ನ ಕೊಡ ತುಂಬಿ ನೀರು ಹರಿದು ಚಪ್ಪಲಿ ತೋಯಿಸಿದರೂ ನಾನು ನಿಂತೇ ಇದ್ದೆ.

ಅಂದರೆ ಹಗಲು ಚಿಕ್ಕದಾದ ಮೇಲೆ ನಾನು ಯಾವತ್ತೂ ಹೊತ್ತಿಗೆ ಮುಂಚೆ ಬಂದಿರಲಿಲ್ಲ. ನನ್ನ ಓಟ ಗೆದ್ದಿರಲಿಲ್ಲ. ಬೆನ್ನಿನಲ್ಲಿ ಅತ್ತೆಯ ನೋಟ ಹೊತ್ತ ಆ ಮುದುಕಿ ತನ್ನ ಕಟ್ಟಳೆಯನ್ನೂ ಮುರಿಯದೆ ನನ್ನ ಕೂಸನ್ನೂ ಬಿಡದೆ, ದಿನವೂ ಅರ್ಧ ತಾಸು ಕತ್ತಲೆಯಲ್ಲಿ ನಿಂತಿದ್ದಳು. ನಾನು ಹೋಗಿ, ಕೈ ಮುಗಿದು, ಎಲೆ ಅಡಿಕೆ ಇಟ್ಟು, ಅವಳ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಕಸಿದುಕೊಂಡಿದ್ದೆ. ತಾಯಿಯೇ ಮಗಳ ಬಾಯಿಯ ಹಾಲು ತಪ್ಪಿಸುವುದು ಅಂದರೆ ಇದೇ. ಅದನ್ನು ಆಯಿ ಒಂದು ಮಾತಿನಲ್ಲಿ ಹೇಳಬಹುದಾಗಿತ್ತು. ನಾನು ಓಣಿಯಲ್ಲಿ ನಿಂತು ಕೂಗಾಡಿದಾಗಲಾದರೂ ಹೇಳಬಹುದಾಗಿತ್ತು. ಹೇಳಲಿಲ್ಲ. ಕೊಟ್ಟವಳ ಮುಖಕ್ಕೆ ಕೊಟ್ಟದ್ದನ್ನು ಎತ್ತಿ ಆಡಬಾರದು ಎಂಬುದು ಅವಳ ಇನ್ನೊಂದು ಕಟ್ಟಳೆ ಇರಬೇಕು.

ಅಂದು ಸಂಜೆ ಏನಾದರಾಗಲಿ ಎಂದು ನಿಶ್ಚಯ ಮಾಡಿಕೊಂಡೆ. ಹೋಗುವುದು, ಕಾಲಿಗೆ ಬೀಳುವುದು, ನಾನು ಕೊಟ್ಟ ದೀಪವನ್ನು ನಾನೇ ವಾಪಸ್ಸು ಬೇಡಿ ತರುವುದು. ಬಸ್ಸು ಎಂದಿಗಿಂತ ಹದಿನೈದು ನಿಮಿಷ ತಡ. ಇಳಿದು ಓಣಿಗೆ ತಿರುಗಿದಾಗ ಎಲ್ಲ ಮನೆಗಳಲ್ಲಿ ದೀಪ ಹತ್ತಿದ್ದವು. ಆಯಿಯ ಹೊಸ್ತಿಲ ಹತ್ತಿರ ಮಾತ್ರ ಕಮಲಗಳು ಇರಲಿಲ್ಲ. ನನ್ನ ಮಾತಿಗೆ ನೊಂದು ಮುದುಕಿ ಕಿತ್ತುಹಾಕಿದಳು ಎಂದುಕೊಂಡೆ. 

ಹತ್ತಿರ ಹೋದೆ. ಎರಡೂ ಕಮಲಗಳನ್ನು ಕಿತ್ತು, ಒಂದು ತಗಡಿನ ಡಬ್ಬಿಯ ಮಣ್ಣಿನಲ್ಲಿ ಅಕ್ಕಪಕ್ಕ ಚುಚ್ಚಿ ಕಟ್ಟೆಯ ಮೇಲೆ ಇಟ್ಟಿದ್ದಳು. ಅದರ ಮುಂದೆ ಆಯಿ ನಿಂತಿದ್ದಳು. ಮಗ ಹೊಲಕ್ಕೆ ನೀರು ಬಿಡಲು ಹೋಗುವಾಗ ಒಯ್ಯುವ ಉದ್ದನೆಯ ಬ್ಯಾಟರಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಮೇಲಿನಿಂದ ಕಮಲಗಳ ಕರಿ ಬಿಲ್ಲೆಯ ಮೇಲೆ ನೇರ ಬೆಳಕು ಬಿಡುತ್ತಿದ್ದಳು. ಕಮಲಗಳು ಹತ್ತದೆ ಸುಮ್ಮನೆ ಕೂತಿದ್ದವು.

"ಬರ್ರಿ, ಬರ್ರಿ. ಲಗೂನ ತಂಬಿಗಿ ತರ್ರಿ. ಕೈ ಸೋತ ಹೋತು," ಅಂದಳು. ಮೂರು ದಿನದ ಹಿಂದೆ ನಾನು ಆಡಿದ ಮಾತು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

ಹಿಂದಿನ ಸಂಜೆ ಮಗ ಮೋಟರ್ ಸೈಕಲ್ ಅನ್ನು ಅಂಗಳದಲ್ಲಿ ತಿರುಗಿಸುವಾಗ ಅದರ ಲೈಟು ಒಂದು ಕಮಲದ ಮೇಲೆ ಬಿದ್ದಿತ್ತಂತೆ. ಹತ್ತಿದ್ದ ದೀಪ ಕಣ್ಣು ಮುಚ್ಚಿತ್ತಂತೆ. ಲೈಟು ಆ ಕಡೆ ಹೋದ ಮೇಲೆ ಮತ್ತೆ ತೆರೆದಿತ್ತಂತೆ. ಆಯಿ ಮಗನಿಂದ ನಾಲ್ಕು ಸಲ ಗಾಡಿ ತಿರುಗಿಸಿ ನೋಡಿದ್ದಳು. ಪ್ರಯೋಗವನ್ನು ಒಂದು ಸಲ ಮಾಡಿ ನಂಬಬಾರದು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಆಯಿಗೆ ಯಾರೂ ಹೇಳಿರಲಿಲ್ಲ.

ಸೊಸೆ ಹಾಲು ತಂದು ತಂಬಿಗೆಗೆ ಹಾಕಿದಳು. ನಾನು ತಂಬಿಗೆ ಹಿಡಿದು ಹೊಸ್ತಿಲಿನಿಂದ ಆಚೆ ಅಂಗಳಕ್ಕೆ ಇಳಿಯುವವರೆಗೆ ಆಯಿ ಬ್ಯಾಟರಿ ಇಳಿಸಲಿಲ್ಲ. ಇಳಿದ ಮೇಲೆ ಆರಿಸಿದಳು. ಮರುಕ್ಷಣ ಎರಡೂ ಕಮಲ ಹತ್ತಿದವು. ಸೆರಗು ತಲೆಗೆ ಎಳೆದುಕೊಂಡು ಕೈ ಮುಗಿದಳು.

"ಈಗ ಹೊತ್ತ ಮುಳುಗಿತು," ಅಂದಳು.

ನಾನು ಅಲ್ಲೇ ಅಂಗಳದಲ್ಲಿ, ಹಾಲಿನ ತಂಬಿಗೆ ಒಂದು ಕೈಯಲ್ಲಿ, ಕೂಸು ಇನ್ನೊಂದು ಕೈಯಲ್ಲಿ, ಅತ್ತುಬಿಟ್ಟೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಆಯಿ ಹೇಳಗೊಡಲಿಲ್ಲ. "ಹಾಲಾಗ ಕಣ್ಣೀರ ಬೀಳಿಸಬ್ಯಾಡ್ರಿ, ಒಡೀತೈತಿ," ಎಂದು ಗದರಿಸಿ ಕಳಿಸಿದಳು.

ಅದಾದ ಮೇಲೆ ಎರಡು ವರ್ಷ, ಬಸ್ಸು ತಡವಾದ ಪ್ರತಿ ಸಂಜೆಯೂ, ಆಯಿ ಬ್ಯಾಟರಿ ಹಿಡಿದು ನಿಂತಳು. ಮಳೆಗಾಲದಲ್ಲಿ ಮೋಡ ಕವಿದು ನಾಲ್ಕು ಗಂಟೆಗೇ ಕಮಲ ಹತ್ತಲು ನೋಡಿದಾಗ, ಬಿಸಿಲು ಕಾಣದ ಹುಚ್ಚು ಖೋಡಿ ಎಂದು ಅದಕ್ಕೆ ಬೈದು ಬ್ಯಾಟರಿ ಬಿಟ್ಟು ಸುಮ್ಮನಿರಿಸಿದಳು. ಓಣಿಯವರು ನಕ್ಕರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಸಲಿಗೆ ಬೆಳೆದ ಮೇಲೆ ಒಮ್ಮೆ ನಾನೇ ಕೆಣಕಿದೆ.

"ಆಯಿ, ಇದು ಲಕ್ಷ್ಮಿಗೆ ಮೋಸ ಅಲ್ಲೇನ್ರಿ?"

"ಮೋಸ ಯಾಕ ಆಗ್ತೈತಿ? ಒಳಗ ಬಂದ ಮ್ಯಾಲ ಆಕಿ ಮುಂದ ಹಾಲ ಹೊರಗ ಕಳಿಸಿದ್ರ ಅದು ಮೋಸ. ನಾ ಆಕೀನ ಬಾಗಲದಾಗ ಒಂದೀಟ ನಿಂದರಸ್ತೇನಿ, ಅಷ್ಟ. ಕೂಸಿಗೆ ಹಾಲ ಹಾಕೂಮಟಾ ನಿಂದರಾಕ ಆಗದಾಕಿ ಎಂಥಾ ಲಕ್ಷ್ಮಿ?"

ದೇವರೊಡನೆ ಇಷ್ಟು ನಿರ್ಭಿಡೆಯಿಂದ ವ್ಯವಹಾರ ಮಾಡಿದವರನ್ನು ನಾನು ಮತ್ತೆ ನೋಡಿಲ್ಲ.

ತೂಕದ ಮುಳ್ಳು ಮತ್ತೆ ಮುಂದಕ್ಕೆ ಹೋಯಿತು. ಮಗಳು ರೊಟ್ಟಿ ಕಡಿಯುವಷ್ಟಾದಳು, ಆಯಿಯ ಕರುವಿನ ಜೊತೆ ಓಡುವಷ್ಟಾದಳು. ಅವಳಿಗೆ ನಾಲ್ಕು ವರ್ಷ ತುಂಬಿದ ಮೇಲೆ ನನಗೆ ಇಂಡಿಗೆ ವರ್ಗವಾಯಿತು. ಹೊರಡುವ ದಿನ ಆಯಿ ಮೊಸರಿನ ಗಡಿಗೆ ಕೊಟ್ಟಳು. ಮಧ್ಯಾಹ್ನ ಒಂದು ಗಂಟೆ. ಇಷ್ಟು ಮುಂಚೆ ಕೊಡುತ್ತಿದ್ದೇನೆ, ಇನ್ನು ಓಡುವ ಕೆಲಸ ಇಲ್ಲ ಎಂದು ನಕ್ಕಳು. ನಾನೂ ನಕ್ಕೆ. ವರ್ಷಕ್ಕೊಮ್ಮೆ ನಾನೊಬ್ಬಳೇ ಹೋಗಿ ನೋಡಿ ಬರುತ್ತಿದ್ದೆ. ಆಮೇಲೆ ಎರಡು ವರ್ಷಕ್ಕೊಮ್ಮೆ...

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಒಂಬತ್ತಕ್ಕೆ ಸೊಸೆಯ ಫೋನು ಬಂತು. ಆಯಿ ನಿದ್ದೆಯಲ್ಲೇ ಹೋಗಿದ್ದಳು. "ನಾಕ ಗಂಟೇಕ ಮಣ್ಣು ಅಕ್ಕೋರ. ಬರ್ರಿ," ಅಂದಳು. ಮಣ್ಣು ಅಂದರೆ ನಮ್ಮಲ್ಲಿ ಅಂತ್ಯಸಂಸ್ಕಾರ.

ಹತ್ತು ಗಂಟೆಯ ಬಸ್ಸು ಇತ್ತು. ಅದೇ ದಿನ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ನಾಲ್ಕಕ್ಕಲ್ಲವೇ, ಅವರನ್ನು ಕಳಿಸಿ ಹನ್ನೆರಡರ ಬಸ್ಸಿಗೆ ಹೋದರೂ ಮುಟ್ಟುತ್ತೇನೆ ಎಂದುಕೊಂಡೆ. ಕೊಲ್ಹಾರಕ್ಕೆ ನಾನು ತಡವಾಗಿ ಹೋದದ್ದು ಯಾವಾಗ? ಎಲ್ಲ ಗೊತ್ತಿದ್ದೂ, ಅದೇ ಹಳೆಯ ಹಮ್ಮು ಒಳಗೆ ಎಲ್ಲೋ ಹಾಗೇ ಕೂತಿತ್ತು. ಅಧಿಕಾರಿಗಳು ಚಹಾ ಕುಡಿದು ಏಳುವುದರಲ್ಲಿ ಒಂದೂವರೆ. ವಿಜಯಪುರದಲ್ಲಿ ಬಸ್ಸು ಬದಲಿಸಿ ಮುಳವಾಡ ದಾಟುವಾಗ ಆರಾಗಿತ್ತು. ಸೊಸೆ ಎರಡು ಸಲ ಫೋನು ಮಾಡಿದಳು. ಬಂದೆ, ಬಂದೆ, ಅಂದೆ.

ಬಸ್ಸು ಇಳಿದು ಓಡಿದೆ. ನಲವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಹೂವಿನ ಹಾರ. ಓಣಿಯ ತಿರುವಿನಲ್ಲಿ ಆಯಿಯ ಮಗ ಎದುರಾದ. ಸ್ನಾನ ಮಾಡಿ ಒದ್ದೆ ತಲೆಯಲ್ಲಿದ್ದ.

"ಭಾಳ ಹೊತ್ತ ಕಾದ್ವಿ ಅಕ್ಕೋರ," ಅಂದ. "ಐದೂವರಿ ಆತು. ಹೊತ್ತ ಮುಳುಗೂದ್ರೊಳಗ ಮುಗಸಬೇಕಂತ ಹಿರೇರು ಗದ್ದಲ ಮಾಡಿದ್ರು. ಹೆಂಗ ಬಿಡೂದು?"

ಹೇಗೆ ಬಿಡುವುದು? ಅವನ ತಪ್ಪಲ್ಲ, ಹಿರಿಯರ ತಪ್ಪೂ ಅಲ್ಲ. ಹೊತ್ತು ಮುಳುಗುವುದು ಯಾರ ಸಲುವಾಗಿಯೂ ನಿಲ್ಲುವುದಿಲ್ಲ. ನನ್ನ ಸಲುವಾಗಿ ಅದನ್ನು ಬಾಗಿಲಲ್ಲಿ ಅಡ್ಡಗಟ್ಟಿ ನಿಲ್ಲಿಸುತ್ತಿದ್ದ ಒಬ್ಬಳು ಇದ್ದಳು, ಅವಳನ್ನೇ ಅವರು ಮಣ್ಣಿಗಿಟ್ಟು ಬಂದಿದ್ದರು. ನಾನು ಹಾರವನ್ನು ಕಟ್ಟೆಯ ಮೇಲೆ ಇಟ್ಟು ಅದರ ಪಕ್ಕದಲ್ಲಿ ಕೂತೆ. ಒಳಗೆ ಆಕಳು ಕೂಗುತ್ತಿತ್ತು, ಅವತ್ತು ಯಾರೂ ಹಿಂಡಿರಲಿಲ್ಲ. ಸೊಸೆ ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು.

ಮಾಳಿಗೆಯ ಮೇಲೆ ಎಂಟು ದೀಪ ನೆಟ್ಟು ಮುಗಿಸಿ ಮಗಳು ಕೆಳಗೆ ಇಳಿದು ಬಂದಳು. ನನ್ನ ಹೆಗಲಿಗೆ ಬರುವಷ್ಟು ಎತ್ತರವಾಗಿದ್ದಾಳೆ, ಕೈಕಾಲು ತುಂಬಿವೆ, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿಯುತ್ತಾಳೆ. ಯಾಕೆ ಅಳುತ್ತಿದ್ದೀ ಎಂದು ಕೇಳಿದಳು. ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. 

"ನಂಗ ಆಯಿ ಮುಖಾನ ನೆನಪಿಲ್ಲ ಮಮ್ಮಿ. ಆಕಳ ಕರಾ ಅಷ್ಟ ನೆನಪೈತಿ," ಅಂದಳು, ತಪ್ಪು ಒಪ್ಪಿಕೊಳ್ಳುವವಳಂತೆ.

"ಇರಲಿ ಬಿಡವ್ವಾ," ಅಂದೆ. "ನೀ ಇದ್ದೀಯಲ್ಲ."